ರೀಮನ್ ತಲಗಳು: ಕೋಡುಬಳೆಯ ಗಣಿತ

ಕಳೆದ ದೀಪಾವಳಿಗೆ ಪುಣೆಯಿಂದ ಊರಿಗೆ, ವಿಜಯಪುರಕ್ಕೆ, ಹೋದಾಗ ಅಪ್ಪ ಕೇಳಿದರು: "ಪುಣೇದಾಗ ಏನು ಓದಾಕತ್ತೀಪಾ?" ಗಣಿತ ಅಂದೆ. "ಅದು ಗೊತ್ತದ. ಗಣಿತದಾಗ ಏನು?" ಇಂಗ್ಲಿಷಿನಲ್ಲಿ ಬರೆದು ಪಾಸಾಗುವ ನನಗೆ ಕನ್ನಡದಲ್ಲಿ ಎರಡು ವಾಕ್ಯ ಹೊರಡಲಿಲ್ಲ. "ಹೇಳಿದ್ರ ತಿಳಿಯೂದಿಲ್ಲ ಬಿಡ್ರಿ" ಅಂದುಬಿಟ್ಟೆ. ಅವರು ಸುಮ್ಮನಾದರು. ಹೇಳಲು ಬಾರದ ತಪ್ಪು ನನ್ನದು ಅಂತ ತಿರುಗಿ ಬರುವಾಗ ಬಸ್ಸಿನಲ್ಲಿ ನಾಚಿಕೆಯಾಯಿತು. ಅಂದು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಾಹಿತ್ಯದ ಗೆಳೆಯರು ಪುಟ ತಿರುವಬಾರದು. ಹೈಸ್ಕೂಲಿನ ಗಣಿತ ನೆನಪಿದ್ದರೆ ಸಾಕು.

4ರ ವರ್ಗಮೂಲ ಎಷ್ಟು? 2 ಅನ್ನುತ್ತೀರಿ. –2 ಕೂಡ ಹೌದಲ್ಲ! ಭಾಸ್ಕರಾಚಾರ್ಯ 1150ರ 'ಸಿದ್ಧಾಂತ ಶಿರೋಮಣಿ'ಯ ಬೀಜಗಣಿತ ಭಾಗದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾನೆ: ಧನಸಂಖ್ಯೆಗೆ ಧನ, ಋಣ ಎರಡೂ ಮೂಲಗಳುಂಟು, ಋಣಸಂಖ್ಯೆಗೆ ಮೂಲವೇ ಇಲ್ಲ. ಮುಂದೆ ಯುರೋಪಿನ ಗಣಿತಜ್ಞರು –1ಕ್ಕೂ ಒಂದು ಮೂಲವಿದೆಯೆಂದು ಭಾವಿಸಿ ಅದನ್ನು 'ಐ' ಎಂದು ಕರೆದರು. ಹೀಗೆ ಬಂದವು 3 + 2ಐ ಥರದ ಸಂಕೀರ್ಣ ಸಂಖ್ಯೆಗಳು. ಬಯಲಿನ ನಡುವೆ ನಿಂತು ಪೂರ್ವಕ್ಕೆ 3 ಹೆಜ್ಜೆ, ಉತ್ತರಕ್ಕೆ 2 ಹೆಜ್ಜೆ ಇಟ್ಟರೆ ಆ ಸಂಖ್ಯೆಯ ಮೇಲೆ ನಿಂತ ಹಾಗೆ. ಸಂಖ್ಯೆ ಒಂದೇ, ಆದರೆ ಅದು ಓಡಾಡಲು ಇಡೀ ಬಯಲು ಬೇಕು. ಆದ್ದರಿಂದಲೇ ಸಂಕೀರ್ಣ ಲೆಕ್ಕದ ಒಂದು ಆಯಾಮ ನಮ್ಮ ಕಣ್ಣಿಗೆ ಎರಡು ಆಯಾಮದ ತಲ.

ಈ ಬಯಲಿನಲ್ಲಿ ವರ್ಗಮೂಲ ತೆಗೆಯುವ ನಿಯಮ ಸುಲಭ: ದೂರದ ಮೂಲ ತೆಗೆಯಿರಿ, ಕೋನವನ್ನು ಅರ್ಧ ಮಾಡಿರಿ. ಈಗ 1ರ ಮೇಲೆ ನಿಂತು, ಮೂಲ 1 ಎಂದು ಹಿಡಿದು, ಸೊನ್ನೆಗೆ ಒಂದು ಪ್ರದಕ್ಷಿಣೆ ಹಾಕಿರಿ. ನೀವು 360 ಡಿಗ್ರಿ ತಿರುಗಿದಾಗ ಮೂಲ ತಿರುಗಿದ್ದು 180 ಡಿಗ್ರಿ. ನಿಂತ ಜಾಗ ಮೊದಲಿನದೇ, ಕೈಯಲ್ಲಿರುವ ಮೂಲ ಮಾತ್ರ –1! ಇನ್ನೊಂದು ಪ್ರದಕ್ಷಿಣೆ ಹಾಕಿದರೆ ಮತ್ತೆ 1 ಬರುತ್ತದೆ.

ಎರಡರಲ್ಲಿ ಒಂದನ್ನು ಬಿಟ್ಟುಬಿಡಿ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಜರ್ಮನಿಯ ಬರ್ನಾರ್ಡ್ ರೀಮನ್ ಬಿಡಲಿಲ್ಲ. 1851ರ ತನ್ನ ಗಟಿಂಗೆನ್ ಪ್ರಬಂಧದಲ್ಲಿ ಅವನು ತೋರಿಸಿದ ದಾರಿ ಇದು: ಬೆಲೆ ಎರಡಿದ್ದರೆ ನೆಲವನ್ನೂ ಎರಡು ಪದರ ಮಾಡು. ಮೊದಲ ಸುತ್ತು ಕೆಳಗಿನ ಪದರದಲ್ಲಿ, ಎರಡನೆಯದು ಮೇಲಿನದರಲ್ಲಿ. ಒಂದೊಂದು ಬಿಂದುವಿಗೂ ಆಗ ಒಂದೇ ಬೆಲೆ. ಪದರಗಳನ್ನು ಕೂಡಿಸಿದ ಈ ನೆಲವೇ ರೀಮನ್ ತಲ.

ಅದರ ಆಕಾರ ನೋಡೋಣ. ಬಯಲಿನ ಅಂಚುಗಳನ್ನೆಲ್ಲ ಮೇಲೆತ್ತಿ ಗಂಟು ಕಟ್ಟಿರಿ; ಬಯಲು ಚೆಂಡಾಗುತ್ತದೆ, ಗಂಟೇ 'ಅನಂತ' ಎಂಬ ಬಿಂದು. ವೃತ್ತದ ಸಮೀಕರಣ ರ² = 1 – ಯ². ಇಲ್ಲಿ ರ ಸೊನ್ನೆಯಾಗುವುದು ಯ ಎಂಬುದು 1 ಅಥವಾ –1 ಆದಾಗ. ಎರಡು ಚೆಂಡು ತೆಗೆದುಕೊಂಡು, ಎರಡರಲ್ಲೂ –1ರಿಂದ 1ರವರೆಗೆ ಸೀಳಿ, ಬಾಯಿಗೆ ಬಾಯಿ ಕೂಡಿಸಿ ಹೊಲಿದರೆ? ಉದ್ದನೆಯ ಒಂದು ಚೆಂಡೇ, ತೂತಿಲ್ಲ. ನಮ್ಮ ಪುಣೆಯ ಬಟಾಟೆವಡೆ ಅನ್ನಿ. ಇನ್ನು ರ² = ಯ³ – ಯ. ಇಲ್ಲಿ –1, 0, 1 ಮತ್ತು ಅನಂತ, ಹೀಗೆ ನಾಲ್ಕು ಬಿಂದು. ಆದ್ದರಿಂದ ಒಂದೊಂದು ಚೆಂಡಿಗೂ ಎರಡು ಸೀಳು. ಎರಡು ಕಡೆ ಹೊಲಿದಾಗ ನಡುವೆ ತೂತು ಉಳಿಯುತ್ತದೆ. ಅವ್ವ ಕಟ್ಟಿಕೊಡುವ ಕೋಡುಬಳೆಯೇ ಇದು!

ಈ ತೂತಿನಿಂದ ಆಗುವುದೇನು? ವೃತ್ತಕ್ಕೆ ತೂತಿಲ್ಲವಾದ್ದರಿಂದ ಅದರ ಬಿಂದುಗಳನ್ನು ಭಾಗಾಕಾರದ ಸೂತ್ರದಲ್ಲಿ ಬರೆಯಬಹುದು: ಯ = (1 – ತ²)/(1 + ತ²), ರ = 2ತ/(1 + ತ²). ತ ಎಂದರೆ 1/2 ಆದಾಗ 3/5 ಮತ್ತು 4/5 ಬರುತ್ತವೆ, ಶಾಲೆಯಲ್ಲಿ ಕಂಡ 3, 4, 5ರ ತ್ರಿಕೋನ. ಕೋಡುಬಳೆಯ ಸಮೀಕರಣಕ್ಕೆ ಇಂಥ ಸೂತ್ರ ಸಿಗುವುದೇ ಇಲ್ಲ. ಹುಡುಕುವವರ ಜಾಣತನ ಕಡಿಮೆಯಾಗಿ ಅಲ್ಲ, ಆಕಾರವೇ ಅದನ್ನು ತಡೆಯುತ್ತದೆ.

ಇದೆಲ್ಲ ದೂರದ ಜರ್ಮನಿಯ ಮಾತೆಂದು ತಿಳಿಯಬೇಡಿ. ಸಮೀಕರಣಗಳ ಆಕಾರವನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದ ಶ್ರೀರಾಮ ಅಭ್ಯಂಕರ್ (1930–2012) ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದುಕೊಂಡೇ 1976ರಲ್ಲಿ ನಮ್ಮ ಪುಣೆಯಲ್ಲಿ ಭಾಸ್ಕರಾಚಾರ್ಯ ಪ್ರತಿಷ್ಠಾನ ಕಟ್ಟಿದರು. ಹೈಸ್ಕೂಲಿನ ಬೀಜಗಣಿತದ ಬಲದ ಮೇಲೆ ಅವರಿಗೆ ಬಹಳ ನಂಬಿಕೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ ರೀಮನ್ ತಲಗಳ ಮೇಲೆ ಸಾಧಿಸಿದ ಪ್ರಮೇಯ 1965ರಲ್ಲಿ ಅಚ್ಚಾಯಿತು. ಜಗತ್ತಿನ ಗಣಿತಜ್ಞರು ಅದನ್ನು ಇವರಿಬ್ಬರ ಹೆಸರಿನಿಂದಲೇ ಕರೆಯುತ್ತಾರೆ. ನರಸಿಂಹನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ.

ಇನ್ನು ಭಾಸ್ಕರ ನಮ್ಮ ವಿಜಯಪುರದವನೆಂದು ನಾವು, ಚಾಳೀಸಗಾಂವ್ ಕಡೆಯವನೆಂದು ಮರಾಠಿಯವರು ವಾದಿಸುತ್ತಲೇ ಇದ್ದೇವೆ. ಆ ವಾದ ಇರಲಿ. ಅವನು ಬರೆದ ಎರಡು ಮೂಲಗಳ ಮಾತು ಎರಡೂ ಊರಿನವರದು.

ಈ ಸಂಚಿಕೆಯ ಒಂದು ಪ್ರತಿ ಊರಿಗೆ ಒಯ್ಯುತ್ತೇನೆ. ಅಪ್ಪ ಓದಿ "ಇಷ್ಟನ ಏನು?" ಅಂದರೆ ಗೆದ್ದೆ. "ತಿಳೀಲಿಲ್ಲ" ಅಂದರೆ ಕೋಡುಬಳೆ ಮುಂದಿಟ್ಟುಕೊಂಡು ಮತ್ತೊಮ್ಮೆ ಮೊದಲಿನಿಂದ ಹೇಳುವುದು.