ಗೋಸುಂಬೆಯ ಸೋತ ಕಾಲು

ಗೋಸುಂಬೆಯು ಬಣ್ಣ ಬದಲಿಸುವ ಪ್ರಾಣಿಯೆಂಬುದು ಎಲ್ಲರೂ ಬಲ್ಲ ಸಂಗತಿ. ಮಾತಿಗೆ ತಪ್ಪುವವರನ್ನು ನಾವು ಅದರ ಹೆಸರಿನಿಂದಲೇ ಹಳಿಯುತ್ತೇವೆ. ಆದರೆ ಆ ಪ್ರಾಣಿಯ ಬಾಳಿಗೆ ಬಣ್ಣಕ್ಕಿಂತಲೂ ಮುಖ್ಯವಾದುದು ಅದರ ಹಿಡಿತ. ಒಂದೊಂದು ಪಾದದ ಐದು ಬೆರಳುಗಳೂ ಎರಡು ಮತ್ತು ಮೂರರ ಕಟ್ಟುಗಳಾಗಿ ಕೂಡಿಕೊಂಡು, ಇಕ್ಕಳದಂತೆ ಕೊಂಬೆಯನ್ನು ಹಿಡಿಯುತ್ತವೆ. ಈ ಹಿಡಿತ ಸಡಿಲವಾಗುವುದೇಕೆ, ಆಗ ಸಾಕಿದವರು ಮಾಡಬೇಕಾದುದೇನು ಎಂಬುದನ್ನು ವಿಚಾರಿಸುವುದೇ ಈ ಪುಟ್ಟ ಲೇಖನದ ಉದ್ದೇಶ.

ಯೆಮನ್ ಮತ್ತು ಸೌದಿ ಅರೇಬಿಯದ ಬೆಟ್ಟಸೀಮೆಗಳಲ್ಲಿ, ತಲೆಯ ಮೇಲೆ ಎತ್ತರವಾದ ಶಿಖೆಯುಳ್ಳ ಒಂದು ಜಾತಿಯ ಗೋಸುಂಬೆಯಿದೆ. ಅಮೆರಿಕ ಮತ್ತು ಯೂರೋಪು ಖಂಡಗಳಲ್ಲಿ ಇದನ್ನು ಮನೆಗಳಲ್ಲಿ ಗೂಡು ಕಟ್ಟಿ ಸಾಕುತ್ತಾರೆ. ಹೀಗೆ ಸಾಕಿದ ಮರಿಗಳಲ್ಲಿ ಕಾಲಿನ ನಿಶ್ಶಕ್ತಿ ಪದೇ ಪದೇ ಕಾಣುವ ಕಾಯಿಲೆ. ಮೇಲಿನ ಕೊಂಬೆಯಲ್ಲಿ ಕುಳಿತಿರುತ್ತಿದ್ದ ಪ್ರಾಣಿ ಗೂಡಿನ ತಳದಲ್ಲಿ ಬಿದ್ದಿರುತ್ತದೆ, ನಡೆದರೆ ಮೈ ನಡುಗುತ್ತದೆ, ಮುಂಗಾಲು ಬಿಲ್ಲಿನಂತೆ ಬಾಗುತ್ತದೆ, ದವಡೆ ಮೆದುವಾಗುತ್ತದೆ, ಹುಳುವಿನತ್ತ ಚಾಚಿದ ನಾಲಗೆ ಗುರಿ ಮುಟ್ಟುವುದಿಲ್ಲ. ಯಜಮಾನನು ಇದನ್ನು ಸೋಮಾರಿತನವೆಂದು ತಿಳಿದು ಸುಮ್ಮನಿದ್ದರೆ ಕಾಲ ಮೀರಿಹೋಗುತ್ತದೆ.

ರೋಗವು ಕಾಲಿನಲ್ಲಿ ಕಂಡರೂ ಅದರ ಮೂಲ ಸಾಮಾನ್ಯವಾಗಿ ಬೆಳಕು ಮತ್ತು ಆಹಾರಗಳಲ್ಲಿರುತ್ತದೆ. ಮೈಯೊಳಗೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೀರಲ್ಪಡಬೇಕಾದರೆ ‘ಡಿ’ ಜೀವಸತ್ತ್ವ ಬೇಕು. ಬಿಸಿಲಿನ ನೇರಳಾತೀತ ಕಿರಣಗಳು ಚರ್ಮಕ್ಕೆ ತಾಗಿದಾಗ ಈ ಸತ್ತ್ವ ಹುಟ್ಟುತ್ತದೆ. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆಯೇ ಹೊರತು ಅಗತ್ಯವಾದ ಆ ಕಿರಣಗಳನ್ನು ಬಿಡುವುದಿಲ್ಲ. ಇನ್ನು ಆಹಾರವಾಗಿ ಕೊಡುವ ಚಿಮ್ಮಂಡೆ ಹುಳುಗಳಲ್ಲಿ ರಂಜಕ ಹೆಚ್ಚು, ಸುಣ್ಣ ಬಹಳ ಕಡಮೆ. ರಕ್ತದಲ್ಲಿ ಸುಣ್ಣ ಇಳಿದೊಡನೆ ಪ್ಯಾರಾಥೈರಾಯ್ಡ್ ಗ್ರಂಥಿಗಳ ರಸವು ಮೂಳೆಯಿಂದಲೇ ಅದನ್ನು ಸೆಳೆದು ಕೊಡುತ್ತದೆ. ಮನೆಯ ಖರ್ಚಿಗೆ ಮನೆಯ ತೊಲೆಗಳನ್ನೇ ಕಿತ್ತು ಮಾರಿದಂತೆ ಇದು. ಕೊನೆಗೆ ತೊಲೆಯಿಲ್ಲದ ಮನೆ ಕುಸಿಯುತ್ತದೆ.

ಈ ತತ್ತ್ವವನ್ನು ಮನುಷ್ಯನು ಮೊದಲು ಅರಿತದ್ದು ತನ್ನ ಮಕ್ಕಳ ಕಾಲುಗಳಿಂದ. ಬಿಸಿಲು ಕಾಣದ ಯೂರೋಪಿನ ನಗರಗಳಲ್ಲಿ ರಿಕೆಟ್ಸ್ ರೋಗದಿಂದ ಮಕ್ಕಳ ಮೂಳೆಗಳು ಬಾಗುತ್ತಿದ್ದುವು. 1919ರಲ್ಲಿ ಬರ್ಲಿನ್ ನಗರದ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ಅಂಥ ಮಕ್ಕಳ ಮೈಗೆ ನೇರಳಾತೀತ ದೀಪದ ಬೆಳಕನ್ನು ಹಾಯಿಸಿ, ಮೂಳೆಗಳು ಮತ್ತೆ ಗಟ್ಟಿಯಾದುದನ್ನು ಎಕ್ಸ್‌ರೇ ಚಿತ್ರಗಳಿಂದ ತೋರಿಸಿದನು. ಒಂದು ತೋಳಿಗೆ ಮಾತ್ರ ಬೆಳಕು ಬಿದ್ದರೂ ಇನ್ನೊಂದು ತೋಳಿನ ಮೂಳೆಯೂ ಬಲಗೊಂಡಿತು. ಮಗುವಿಗೂ ಗೋಸುಂಬೆಗೂ ಪ್ರಕೃತಿಯ ನಿಯಮ ಒಂದೇ.

ಹಾಗಾದರೆ ಉಪಚಾರವೇನು? ಮೊದಲನೆಯದಾಗಿ, ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಬೇಕು. ಮೂಳೆ ಮುರಿತ, ಮೂತ್ರಪಿಂಡದ ರೋಗ, ಹೆಣ್ಣಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಮೊಟ್ಟೆ ಇವುಗಳಿಂದಲೂ ಪ್ರಾಣಿ ಬಲಗುಂದುವುದುಂಟು. ಎಕ್ಸ್‌ರೇಯಿಂದ ನಿಜಸ್ಥಿತಿ ತಿಳಿಯುತ್ತದೆ. ಎರಡನೆಯದಾಗಿ, ಕೊಂಬೆಗಳನ್ನು ತಗ್ಗಿಸಿ, ಒತ್ತೊತ್ತಾಗಿ ಕಟ್ಟಿ, ತಳದಲ್ಲಿ ಮೆತ್ತನೆಯ ಬಟ್ಟೆ ಹಾಸಬೇಕು. ಕೊಂಬೆಯಿಂದ ಪ್ರಾಣಿಯನ್ನು ಎಂದೂ ಎಳೆಯಬಾರದು. ಮೆದುವಾದ ಮೂಳೆ ಎಳೆತಕ್ಕೇ ಮುರಿದೀತು. ಮೂರನೆಯದಾಗಿ, ನೇರಳಾತೀತ ಕಿರಣ ಬೀರುವ ದೀಪವನ್ನು ಗಾಜಿನ ತಡೆಯಿಲ್ಲದೆ ಇಡಬೇಕು. ಅದು ಕಣ್ಣಿಗೆ ಉರಿಯುತ್ತಿರುವಂತೆ ತೋರಿದರೂ ಕಿರಣದ ಬಲ ಕುಂದುವುದರಿಂದ, ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಿಸುವುದು ವಾಡಿಕೆ. ನಾಲ್ಕನೆಯದಾಗಿ, ಹುಳುಗಳಿಗೆ ಮೊದಲು ಸೊಪ್ಪು ತಿನ್ನಿಸಿ, ಸುಣ್ಣದ ಅಂಶದ ಪುಡಿ ಸವರಿ ಕೊಡಬೇಕು. ಬಟ್ಟಲಿನ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗಮನಿಸದು. ಎಲೆಗಳ ಮೇಲೆ ಹನಿ ಚಿಮುಕಿಸಬೇಕು.

ಔಷಧವನ್ನು ಮಾತ್ರ ವೈದ್ಯರ ಅಳತೆಯಂತೆಯೇ ಕೊಡತಕ್ಕದ್ದು. ‘ಡಿ’ ಜೀವಸತ್ತ್ವ ಅತಿಯಾದರೆ ಸುಣ್ಣವು ಮೂತ್ರಪಿಂಡ, ರಕ್ತನಾಳಗಳಲ್ಲಿ ಕಟ್ಟಿಕೊಂಡು ಪ್ರಾಣಕ್ಕೇ ಎರವಾಗುತ್ತದೆ. ಗುಣವಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಮೂಳೆ ಗಟ್ಟಿಯಾದರೂ ಒಮ್ಮೆ ಬಾಗಿದ ಕಾಲು ಪೂರ್ತಿ ನೆಟ್ಟಗಾಗದೆ ಉಳಿಯಬಹುದು. ಆದುದರಿಂದಲೇ ಮೊದಲ ನಡುಕವನ್ನು ಗುರುತಿಸುವ ಕಣ್ಣು ಎಲ್ಲ ಔಷಧಗಳಿಗಿಂತ ದೊಡ್ಡದು.

ಇಷ್ಟನ್ನು ಓದಿ, ನಾವೂ ಒಂದು ಗೋಸುಂಬೆಯನ್ನು ತಂದು ಸಾಕೋಣವೆಂದು ಮಿತ್ರರಾರೂ ಹೊರಡಬಾರದು. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಕಾಣುವ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಹಿಡಿಯುವುದೂ ಸಾಕುವುದೂ ಅಪರಾಧ. ಗಾಯಗೊಂಡುದು ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ನಮ್ಮ ಹಳ್ಳಿಯಲ್ಲಿ ಅದನ್ನು ವಿಷಜಂತುವೆಂದು ನಂಬಿ ಕಲ್ಲೆಸೆಯುತ್ತಿದ್ದೆವು. ಎಸೆದವರಲ್ಲಿ ನಾನೂ ಒಬ್ಬ. ಅದಕ್ಕೆ ವಿಷವಿಲ್ಲವೆಂದು ತಿಳಿದುದು ಈಚೆಗೆ.

ಕಲ್ಲೆಸೆಯುವವನು ಅಜ್ಞಾನದಿಂದ ಕೊಲ್ಲುತ್ತಾನೆ. ಗಾಜಿನ ಗೂಡಿನಲ್ಲಿಟ್ಟು ಮುದ್ದಿಸುವವನು ತಿಳಿವಳಿಕೆಯಿಲ್ಲದ ಪ್ರೀತಿಯಿಂದ ಕೊಲ್ಲುತ್ತಾನೆ. ನಮ್ಮ ಬೇಲಿಯ ಗೋಸುಂಬೆಗೆ ದೀಪವೂ ಬೇಡ, ಪುಡಿಯೂ ಬೇಡ. ಅದರ ಬಿಸಿಲನ್ನೂ ಬೇಲಿಯನ್ನೂ ಅದಕ್ಕೆ ಬಿಟ್ಟುಕೊಟ್ಟರೆ ಸಾಕು.