ಕೋಡ್ ಬಂತೆಂದು ವಾಲ್ವ್ ಬಿಚ್ಚಬೇಡ

ಸ್ಕ್ಯಾನರ್‌ನಲ್ಲಿ ಪಿ0401 ಕಂಡ ಕೂಡಲೇ ಸ್ಪಾನರ್ ಕೈಗೆತ್ತಿಕೊಂಡೆಯಲ್ಲ, ಸ್ವಲ್ಪ ತಾಳು ಮಗಾ. ಇ.ಜಿ.ಆರ್., ಅಂದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ ಒಳಕ್ಕೆ ಕಳಿಸುವ ದಾರಿಯಲ್ಲಿ ಹೋಗಬೇಕಾದಷ್ಟು ಹೊಗೆ ಹೋಗುತ್ತಿಲ್ಲ ಅನ್ನುವುದಷ್ಟೇ ಆ ಕೋಡಿನ ಮಾತು. ವಾಲ್ವ್ ಕೆಟ್ಟಿದೆ ಎಂದು ಅದು ಹೇಳಿಲ್ಲ. ದಾರಿಯಲ್ಲಿ ಮಸಿ ಕಟ್ಟಿರಬಹುದು, ವ್ಯಾಕ್ಯೂಮ್ ಪೈಪ್ ಸೀಳಿರಬಹುದು, ವೈರಿಂಗ್ ಸಾಕೆಟ್ ಸಡಿಲವಾಗಿರಬಹುದು, ಗಾಳಿ ಅಳೆಯುವ ಎಂ.ಎ.ಎಫ್. ಸೆನ್ಸರ್ರೇ ತಪ್ಪು ಲೆಕ್ಕ ಕೊಡುತ್ತಿರಬಹುದು. ಹೊಸ ವಾಲ್ವ್ ಹಾಕಿದ ಮೇಲೂ ಲೈಟ್ ಮತ್ತೆ ಹತ್ತಿದರೆ ದುಡ್ಡು ಕಳೆದುಕೊಂಡವರು ಗಾಡಿಯವರು.

ಮೊದಲು ಅವರನ್ನು ಮಾತಾಡಿಸು. ಗಾಡಿ ಎಲ್ಲಿ ಓಡುತ್ತದೆ ಎಂದು ಕೇಳು. ದಿನಾ ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ತೆವಳುವ ಡೀಸೆಲ್ ಗಾಡಿಗೂ ಹುಬ್ಬಳ್ಳಿ ಹೈವೇಯಲ್ಲಿ ಓಡುವ ಗಾಡಿಗೂ ಮಸಿ ಕಟ್ಟುವುದರಲ್ಲಿ ಬಹಳ ವ್ಯತ್ಯಾಸವಿದೆ. ಕಡಿಮೆ ಲೋಡಿನಲ್ಲೇ ಈ ವಾಲ್ವಿಗೆ ಹೆಚ್ಚು ಕೆಲಸ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅದು ಮುಚ್ಚಿಕೊಳ್ಳುತ್ತದೆ. ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯ ಆವಿಗೆ ಹೊಗೆಯ ಮಸಿ ಸೇರಿದರೆ ಇಂಟೇಕ್ ಮ್ಯಾನಿಫೋಲ್ಡ್ ಒಳಗೆ ಡಾಂಬರಿನಂಥ ಅಂಟು ಬೆಳೆಯುತ್ತಾ ಹೋಗುತ್ತದೆ.

ಆಮೇಲೆ ಲಕ್ಷಣ ನೋಡು. ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಐಡಲಿಂಗ್‌ನಲ್ಲಿ ಎಂಜಿನ್ ನಡುಗುತ್ತದೆ, ಪಿಕಪ್ ಇರುವುದಿಲ್ಲ, ಡೀಸೆಲ್ ಆದರೆ ಕರಿಹೊಗೆ. ಮುಚ್ಚಿಯೇ ಕೂತಿದ್ದರೆ ಪೆಟ್ರೋಲ್ ಗಾಡಿ ಚಾರ್ಮಾಡಿಯಂಥ ಏರಿನಲ್ಲಿ ಟಕಟಕ ಎಂದು ನಾಕ್ ಹೊಡೆಯಬಹುದು. ಡೀಸೆಲ್ ಗಾಡಿ ಮಾತ್ರ ಏನೂ ಆಗದಂತೆ ಓಡುತ್ತದೆ, ಲೈಟ್ ಒಂದೇ ಹತ್ತಿರುತ್ತದೆ. ಹಾಗೆಂದು ಕರಿಹೊಗೆಗೆಲ್ಲ ಇ.ಜಿ.ಆರ್. ಕಾರಣ ಅಂದುಕೊಳ್ಳಬೇಡ. ಏರ್ ಫಿಲ್ಟರ್ ಕಟ್ಟಿದರೂ, ಟರ್ಬೋ ಹೋಸ್ ಬಿರಿದರೂ ಅದೇ ಹೊಗೆ.

ಇನ್ನು ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಡೀಸೆಲ್ ಗಾಡಿಯಲ್ಲಿ ಸ್ಕ್ಯಾನರ್‌ನ ಲೈವ್ ಡೇಟಾ ತೆರೆದು ಎಂ.ಎ.ಎಫ್. ಅಂಕಿಯ ಮೇಲೆ ಕಣ್ಣಿಡು. ಐಡಲಿಂಗ್‌ನಲ್ಲೇ ಸ್ಕ್ಯಾನರ್‌ನಿಂದ ವಾಲ್ವ್ ತೆರೆಯಲು ಹೇಳು. ಹೊಗೆ ಒಳಗೆ ಬಂದಷ್ಟೂ ಹೊಸ ಗಾಳಿಗೆ ಜಾಗ ಕಡಿಮೆ, ಆದ್ದರಿಂದ ಅಂಕಿ ಇಳಿಯಬೇಕು. ಮುಚ್ಚಿದರೆ ಏರಬೇಕು. ವಾಲ್ವ್ ತೆರೆದಿದೆ ಎಂದು ಪೊಸಿಷನ್ ಸೆನ್ಸರ್ ಹೇಳುತ್ತಿದ್ದರೂ ಅಂಕಿ ಅಲುಗದಿದ್ದರೆ ದಾರಿ ಕಟ್ಟಿದೆ. ಸೆನ್ಸರ್ರೇ ಅಲುಗದಿದ್ದರೆ ಮೋಟಾರ್ ಇಲ್ಲವೇ ವೈರಿಂಗ್ ನೋಡು. ವ್ಯಾಕ್ಯೂಮ್‌ನಿಂದ ತೆರೆಯುವ ಹಳೆಯ ಪೆಟ್ರೋಲ್ ಗಾಡಿಗೆ ಹ್ಯಾಂಡ್ ಪಂಪ್ ಸಾಕು. ಐಡಲಿಂಗ್‌ನಲ್ಲಿ ಎಳೆದಾಗ ಎಂಜಿನ್ ತಡವರಿಸಬೇಕು. ವ್ಯಾಕ್ಯೂಮ್ ನಿಲ್ಲದಿದ್ದರೆ ಡಯಾಫ್ರಾಮ್ ಹರಿದಿದೆ. ನಿಂತೂ ಎಂಜಿನ್ ತಡವರಿಸದಿದ್ದರೆ ದಾರಿ ಕಟ್ಟಿದೆ. ಕೂಲೆಂಟ್ ಕಡಿಮೆಯಾಗುತ್ತಿದ್ದು ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಇ.ಜಿ.ಆರ್. ಕೂಲರ್ ಮೇಲೂ ಅನುಮಾನ ಇಟ್ಟುಕೋ.

ಬ್ಲಾಂಕ್ ಪ್ಲೇಟ್ ಹಾಕಿ ದಾರಿ ಮುಚ್ಚಿಬಿಡಿ ಎಂದು ಕೇಳುವವರು ಬರುತ್ತಾರೆ. ಎಷ್ಟು ಕೊಟ್ಟರೂ ಆ ಕೆಲಸ ಮಾಡಬೇಡ. ಸಿಲಿಂಡರಿನ ಶಾಖ ಇಳಿಸಿ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವುದಕ್ಕೇ ಈ ವಾಲ್ವ್ ಇರುವುದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದಲ್ಲಿ ಡೀಸೆಲ್ ಕಾರಿಗೆ ಆ ಅನಿಲದ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಮಿನಿಂದ 80ಕ್ಕೆ ಇಳಿಯಿತು. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಸಿಗ್ನಲ್‌ನಲ್ಲಿ ಪಕ್ಕದ ಸ್ಕೂಟರಿನ ಮೇಲೆ ಕೂತ ಮಗುವಿನ ಎದೆಗೆ ಇಳಿಯುತ್ತದೆ. ನಮ್ಮ ಗ್ಯಾರೇಜಿನಿಂದ ಅಂಥ ಗಾಡಿ ಹೊರಗೆ ಹೋಗಕೂಡದು.

ಬಿಚ್ಚಲೇಬೇಕು ಎಂದು ಖಾತ್ರಿಯಾದ ಮೇಲೆ ಎಂಜಿನ್ ತಣ್ಣಗಾಗಲು ಬಿಡು. ಗ್ಲೌಸ್, ಮಾಸ್ಕ್, ಕನ್ನಡಕ ಹಾಕಿಕೋ. ಕ್ಲೀನರ್ ಮಸಿಗೆ ಮಾತ್ರ ಸಿಂಪಡಿಸು, ಮೋಟಾರ್ ಇರುವ ಭಾಗ ನೆನೆಯಬಾರದು. ವಾಲ್ವಿನ ಸೀಟನ್ನು ಸ್ಕ್ರೂಡ್ರೈವರಿನಿಂದ ಕೆರೆಯಬೇಡ, ಗೀರು ಬಿದ್ದರೆ ಮುಚ್ಚಿದಾಗಲೂ ಸೋರುತ್ತದೆ. ಗ್ಯಾಸ್ಕೆಟ್ ಹೊಸದೇ ಹಾಕು. ಜೋಡಿಸಿದ ಮೇಲೆ ಕಂಪನಿ ಹೇಳಿದ್ದರೆ ಸ್ಕ್ಯಾನರ್‌ನಲ್ಲಿ ಅಡಾಪ್ಟೇಶನ್ ಮಾಡು, ಕೋಡ್ ಅಳಿಸಿ ಗಾಡಿಯನ್ನು ರೋಡಿಗೆ ತೆಗೆದುಕೊಂಡು ಹೋಗು. ವಾಪಸ್ ಬಂದು ಲೈವ್ ಡೇಟಾ ಇನ್ನೊಮ್ಮೆ ನೋಡಿ, ಆಮೇಲೆ ಬಿಲ್ ಬರೆ.