ನೀರು ಎತ್ತ ಹರಿಯುತ್ತದೆ?

ಬಿದ್ದದ್ದು ಜೂನ್ ಕೊನೆಯ ವಾರ, ಸಂಜೆ ಆರೂವರೆಗೆ. ಮರ್ದಾಳದಲ್ಲಿ ಸಾಮಾನು ಕಟ್ಟಿಸಿಕೊಂಡು ಇಚಿಲಂಪಾಡಿಗೆ ಮರಳುತ್ತಿದ್ದೆ. ಮನೆಯ ಕಡೆಗಿನ ಒಳರಸ್ತೆಯಲ್ಲಿ, ಇಳಿಜಾರು ಮುಗಿಯುವಲ್ಲಿ ಬಲಕ್ಕೊಂದು ತಿರುವು. ಬಲಬದಿಗೆ ಬರೆ, ಅದರ ಮೇಲೆ ರಬ್ಬರ್ ತೋಟ, ಎಡಬದಿಗೆ ಕಣಿ. ಬೈಕನ್ನು ಬಲಕ್ಕೆ ವಾಲಿಸಿದೆ, ಅದು ಎಡಕ್ಕೇ ಜಾರಿತು. ಕಣಿಯಲ್ಲಿ ಅಕ್ಕಿಯ ಚೀಲದ ಪಕ್ಕ ನಾನು, ಮುರಿದ ಕಾಲರ್ ಬೋನ್.

ನೋಡಲು ಬಂದವರದ್ದೆಲ್ಲ ಒಂದೇ ಮಾತು: "ಸ್ಪೀಡಿನಲ್ಲಿದ್ದೆಯಾ ಮಾರಾಯಾ?" ಮೂವತ್ತರ ಆಸುಪಾಸಿನಲ್ಲಿದ್ದೆ ಎಂದರೆ ನಗುತ್ತಿದ್ದರು. ಅವರದ್ದೇ ತಪ್ಪಲ್ಲ. 2022ರ ಕೇಂದ್ರ ಸರ್ಕಾರದ ವರದಿಯಲ್ಲೂ ರಸ್ತೆ ಸಾವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಅತಿವೇಗದ ಲೆಕ್ಕಕ್ಕೇ ಹೋಗಿವೆ. ಸತ್ತವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ಸವಾರರು. ತಿರುವು ಹೇಗಿತ್ತು ಎಂದು ಬಿದ್ದವನನ್ನು ಕೇಳುವವರು ಕಡಿಮೆ.

ಕೇಳಿದವನು ಸಿವಿಲ್ ಓದಿದ ನನ್ನ ಅಕ್ಕನ ಮಗ. "ಮಾವ, ಮಳೆ ಬರುವಾಗ ಅಲ್ಲಿ ನಿಂತು ನೀರು ಎತ್ತ ಹೋಗುತ್ತದೆ ನೋಡಿ" ಅಂದ. ಕೈಗೆ ಜೋಳಿಗೆ ಕಟ್ಟಿಕೊಂಡು, ಇನ್ನೊಂದರಲ್ಲಿ ಕೊಡೆ ಹಿಡಿದು ನಿಂತೆ. ನೀರು ನಡುರಸ್ತೆಯಲ್ಲಿ ಎರಡಾಗಿ ಸೀಳಿ ಅರ್ಧ ಬರೆಯ ಕಡೆಗೆ, ಅರ್ಧ ಕಣಿಗೆ ಹರಿಯುತ್ತಿತ್ತು.

ನೇರ ರಸ್ತೆಯಲ್ಲಿ ಅದು ಸರಿ. ತಿರುವಿನಲ್ಲಿ ಹೊರ ಅಂಚು ಎತ್ತರವಾಗಿ ನೀರೆಲ್ಲ ಒಳಬದಿಗೇ ಹೋಗಬೇಕು. ಹಾಗೆ ಎತ್ತರಿಸದಿದ್ದರೆ ಬಲಕ್ಕೆ ತಿರುಗುವವನು, ಎಡಬದಿಯಲ್ಲಿ ಓಡಿಸುವ ನಮ್ಮ ದೇಶದಲ್ಲಿ, ಕಣಿಯ ಕಡೆಗೆ ಜಾರುವ ಅರ್ಧದ ಮೇಲೇ ಇರುತ್ತಾನೆ. ಎದುರಿನಿಂದ ಎಡಕ್ಕೆ ತಿರುಗಿ ಬರುವವನಿಗೆ ಏನೂ ಗೊತ್ತಾಗುವುದಿಲ್ಲ. ಅಳಿಯ ಲೆಕ್ಕ ಹಾಕಿ ತೋರಿಸಿದ: 30 ಮೀಟರ್ ತ್ರಿಜ್ಯದ ತಿರುವಿಗೆ ನೂರಕ್ಕೆ 7ರಷ್ಟು ಸರಿಯಾದ ವಾಟ ಇದ್ದರೆ ಗಂಟೆಗೆ ಸುಮಾರು 29 ಕಿ.ಮೀ. ಸುರಕ್ಷಿತ, ಎರಡೂವರೆಯಷ್ಟು ಹೊರಕ್ಕೆ ವಾಲಿದ್ದರೆ 22. ಆ ಏಳು ಕಿ.ಮೀ. ಯಾವ ಫಲಕದಲ್ಲೂ ಇಲ್ಲ. ನಾಲ್ಕು ಚಕ್ರದವನು ಸ್ಟೀರಿಂಗ್ ಇನ್ನಷ್ಟು ತಿರುಗಿಸಿ ಪಾರಾಗುತ್ತಾನೆ. ಬೈಕು ನೆಲಕ್ಕೆ ತಾಗುವುದೇ ಎರಡು ಅಂಗೈಯಗಲ, ಅದರಡಿ ತೋಟದ ದಾರಿಯಿಂದ ಹರಿದು ಬಂದ ಕೆಸರು.

ಇನ್ನೊಂದು ವಿಚಿತ್ರ. ಹೊಂಡಗಳಿದ್ದಾಗ ಅಲ್ಲಿ ಯಾರೂ ಬಿದ್ದದ್ದು ನನಗೆ ನೆನಪಿಲ್ಲ, ಎಲ್ಲರೂ ತೆವಳುತ್ತಿದ್ದರು. ಹೊಸ ಡಾಮರು ಬಂದ ಮೇಲೆ ನಾನು ಮೂರನೆಯವನು. ನಯವಾದ ರಸ್ತೆ ನಮ್ಮ ವೇಗ ಹೆಚ್ಚಿಸಿತು, ತಿರುವನ್ನು ಹಿಗ್ಗಿಸಲಿಲ್ಲ. ಪದರದ ಮೇಲೆ ಪದರ ಬಿದ್ದು ಡಾಮರಿನ ಅಂಚು ಮಣ್ಣಿಗಿಂತ ಗೇಣೆತ್ತರ ಆಗಿತ್ತು. ಚಕ್ರ ಅಲ್ಲಿಂದ ಕೆಳಗಿಳಿದರೆ ಮತ್ತೆ ಹತ್ತುವುದುಂಟೇ? ಕಣಿಗೆ ಚಪ್ಪಡಿಯೂ ಇರಲಿಲ್ಲ.

ಈಗ ನಾನು ಬಲ ತಿರುವಿಗೆ ಮೊದಲೇ ಬ್ರೇಕ್ ಒತ್ತಿ, ತಿರುವಿನಲ್ಲಿ ಬ್ರೇಕ್ ಬಿಟ್ಟುಬಿಡುತ್ತೇನೆ. ನಡುಗೆರೆಗೆ ಅಂಟಿಕೊಂಡು ಹೋಗುವುದನ್ನೂ ಬಿಟ್ಟೆ: ಬಲಕ್ಕೆ ವಾಲಿದಾಗ ಚಕ್ರ ನಮ್ಮ ಬದಿಯಲ್ಲಿದ್ದರೂ ತಲೆ ಎದುರಿನ ಜೀಪಿನ ದಾರಿಯಲ್ಲಿರುತ್ತದೆ.

ನಿಮ್ಮೂರಲ್ಲೂ ಪದೇ ಪದೇ ಜನ ಬೀಳುವ ತಿರುವು ಇದ್ದೀತು. ಮುಂದಿನ ಮಳೆಗೆ ಕೊಡೆ ಹಿಡಿದು ಅಂಚಿನಲ್ಲಿ ನಿಲ್ಲಿ. ನೀರು ಎರಡಾಗಿ ಸೀಳಿದರೆ ಫೋಟೋ ತೆಗೆದು ಅರ್ಜಿಯ ಜೊತೆ ಲಗತ್ತಿಸಿ, ಮರುಡಾಮರೀಕರಣಕ್ಕೆ ಮೊದಲೇ ಕೊಡಿ.